ಅಳಿಯುತ್ತಿರುವ ಜೀವಜಾತಿಗಳ ವ್ಯಾಪಾರದ ಒಡಂಬಡಿಕೆಯೂ ನಮ್ಮ ಜಮೀನುದಾರರೂ

ಊರಿನಲ್ಲಿ ಬೆಳೆದ ಪದಾರ್ಥಕ್ಕೆ ಊರ ಸಂತೆಯಲ್ಲಿಯೇ ಬೆಲೆಯು ನಿಷ್ಕರ್ಷೆಯಾಗುತ್ತಿದ್ದ ಕಾಲವು ಎಂದೋ ಕಳೆದುಹೋಯಿತು. ಕಾಫಿ, ಮೆಣಸು, ಏಲಕ್ಕಿ ಇವುಗಳ ಧಾರಣೆಯು ಸಮುದ್ರದಾಚೆಯ ಪೇಟೆಗಳನ್ನು ಅನುಸರಿಸಿ ಏರಿಳಿಯುವುದೆಂಬುದು ಈ ಪತ್ರಿಕೆಯ ವಾಚಕರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಆದರೆ ಕಾಫಿಯ ತೋಟದಲ್ಲಿ ನೆರಳಿಗಾಗಿ ನಿಂತಿರುವ ಬೀಟೆಯ ಮರ, ಬಯಲುಸೀಮೆಯ ಜಮೀನಿನಲ್ಲಿ ಹೊಸದಾಗಿ ನೆಟ್ಟ ರಕ್ತಚಂದನದ ಸಸಿ, ಹೊಲದ ಬದುವಿನಲ್ಲಿ ಮೆಲ್ಲಗೆ ನಡೆದುಹೋಗುವ ನಕ್ಷತ್ರ ಆಮೆ, ಇವುಗಳ ವಿಷಯದಲ್ಲಿಯೂ ಅನೇಕ ರಾಷ್ಟ್ರಗಳು ಕೂಡಿ ಮಾಡಿಕೊಂಡಿರುವ ಒಂದು ಒಡಂಬಡಿಕೆಯು ಅನ್ವಯಿಸುವುದೆಂಬುದನ್ನು ಅರಿತವರು ವಿರಳ. ಈ ಅಜ್ಞಾನದ ದೆಸೆಯಿಂದ ಪ್ರಾಮಾಣಿಕನಾದ ಬೆಳೆಗಾರನು ತನ್ನ ಮರಕ್ಕೆ ಸಲ್ಲತಕ್ಕ ಬೆಲೆಯನ್ನು ಕಳೆದುಕೊಳ್ಳುವುದೂ, ಕೆಲವು ಕಾಸಿನ ಆಸೆಗೆ ಬಿದ್ದ ಹಳ್ಳಿಯ ಹುಡುಗನು ಸೆರೆಮನೆಯನ್ನು ಕಾಣುವುದೂ ಸಂಭವಿಸತಕ್ಕದ್ದಾಗಿದೆ. ಆದುದರಿಂದ ಈ ಒಡಂಬಡಿಕೆಯ ಸ್ವರೂಪವೇನು, ಅದರಿಂದ ಜಮೀನುದಾರರಿಗೆ ಒದಗುವ ಕಟ್ಟುಪಾಡುಗಳೂ ಪ್ರಯೋಜನಗಳೂ ಯಾವುವು, ಗ್ರಾಮದ ಮುಖಂಡರು ನಡೆದುಕೊಳ್ಳಬೇಕಾದ ರೀತಿ ಯಾವುದು ಎಂಬಿವುಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗುವುದು.

ಕಪ್ಪೆಗಳು ಕಲಿಸಿದ ಪಾಠ

ಇಂತಹ ಒಡಂಬಡಿಕೆಯ ಅವಶ್ಯಕತೆಯೇನೆಂಬುದಕ್ಕೆ ದೂರದ ನಿದರ್ಶನವು ಬೇಕಾಗಿಲ್ಲ. ನಮ್ಮ ಬತ್ತದ ಗದ್ದೆಗಳ ಕಪ್ಪೆಗಳ ಕಥೆಯೇ ಸಾಕು. ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಕೂಗುವ ಹಳದಿ ಬಣ್ಣದ ದೊಡ್ಡ ಕಪ್ಪೆಯನ್ನು ರೈತರೆಲ್ಲರೂ ಬಲ್ಲರು. ಪೈರಿಗೆ ಹಾನಿ ಮಾಡುವ ಹುಳುಗಳನ್ನೂ ಸಣ್ಣ ಏಡಿಗಳನ್ನೂ ತಿಂದು ಅದು ಕೂಲಿಯಿಲ್ಲದ ಆಳಿನಂತೆ ದುಡಿಯುತ್ತದೆ. ಐರೋಪ್ಯ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಕಪ್ಪೆಯ ಹಿಂಗಾಲುಗಳು ರುಚಿಯಾದ ಆಹಾರವೆಂದು ಪರಿಗಣಿಸಲ್ಪಡುವುದರಿಂದ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದಿಂದ ವರ್ಷಂಪ್ರತಿ ಸಾವಿರಾರು ಟನ್ನುಗಳಷ್ಟು ಕಪ್ಪೆಯ ಕಾಲುಗಳು ಮಂಜಿನಲ್ಲಿ ಗಟ್ಟಿಮಾಡಲ್ಪಟ್ಟು ರಫ್ತಾಗುತ್ತಿದ್ದವು. ಕಪ್ಪೆಗಳನ್ನು ಸಾಕಿ ಹೆಚ್ಚಿಸಿದವರು ಯಾರೂ ಇರಲಿಲ್ಲ. ರಾತ್ರಿಯ ಕಾಲದಲ್ಲಿ ದೀಪಗಳನ್ನು ಹಿಡಿದು, ಅವು ಮೊಟ್ಟೆಯಿಡುವುದಕ್ಕೆ ಗದ್ದೆಗೆ ಬಂದ ಸಮಯವನ್ನೇ ನೋಡಿ ಹಿಡಿಯುತ್ತಿದ್ದರು. ಹಿಡಿದವನಿಗೆ ಅಂದಿನ ಕೂಲಿಯೂ, ರಫ್ತು ಮಾಡಿದವನಿಗೆ ಲಾಭವೂ ದೊರೆಯಿತು. ಆದರೆ ಗದ್ದೆಯ ಒಡೆಯನಿಗೆ ಉಳಿದುದು ಹುಳುಗಳ ಬಾಧೆ ಮಾತ್ರ.

೧೯೮೫ನೆಯ ಇಸವಿಯಲ್ಲಿ ಈ ಜಾತಿಯ ಕಪ್ಪೆಯನ್ನು ಅಂತರರಾಷ್ಟ್ರೀಯ ಒಡಂಬಡಿಕೆಯ ಎರಡನೆಯ ಅನುಬಂಧದಲ್ಲಿ ಸೇರಿಸಲಾಯಿತು. ೧೯೮೭ರಲ್ಲಿ ಭಾರತ ಸರ್ಕಾರವು ಕಪ್ಪೆಯ ಕಾಲುಗಳ ರಫ್ತನ್ನೇ ನಿಷೇಧಿಸಿತು. ಆಗ ಏನಾಯಿತು? ತಿನ್ನುವವರ ಬಾಯಿಚಪಲವು ನಿಲ್ಲಲಿಲ್ಲ. ವ್ಯಾಪಾರವು ಇಂಡೊನೇಷ್ಯಾದ ಕಡೆಗೆ ತಿರುಗಿ, ಆ ದೇಶವೇ ಮುಖ್ಯ ಸರಬರಾಜುದಾರನಾಯಿತು. ಒಂದು ಕಾಲುವೆಯ ತೂಬನ್ನು ಮುಚ್ಚಿದರೆ ನೀರು ಮತ್ತೊಂದು ಕಾಲುವೆಗೆ ನುಗ್ಗುವಂತೆ, ಒಂದು ದೇಶವು ತನ್ನ ಬಾಗಿಲನ್ನು ಮುಚ್ಚಿದ ಮಾತ್ರದಿಂದ ಇಂತಹ ವ್ಯಾಪಾರವು ನಿಲ್ಲತಕ್ಕದ್ದಲ್ಲ. ಕೊಳ್ಳುವ ದೇಶವೂ ಮಾರುವ ದೇಶವೂ ಒಂದೇ ಲೆಕ್ಕವನ್ನು ನೋಡಿ, ಒಂದೇ ಕಾಗದವನ್ನು ಕೇಳುವಂತಾದರೆ ಮಾತ್ರ ಅದನ್ನು ಹತೋಟಿಯಲ್ಲಿಡಲು ಸಾಧ್ಯ.

ಒಡಂಬಡಿಕೆಯ ಹುಟ್ಟು ಮತ್ತು ಆಡಳಿತ

ಈ ಉದ್ದೇಶದಿಂದ ೧೯೭೩ನೆಯ ಇಸವಿ ಮಾರ್ಚಿ ೩ನೆಯ ತಾರೀಖು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಈ ಒಡಂಬಡಿಕೆಗೆ ರುಜು ಹಾಕಿದರು. ೧೯೭೫ನೆಯ ಜುಲೈ ೧ರಿಂದ ಇದು ಜಾರಿಗೆ ಬಂದಿತು. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು 'ಸೈಟೀಸ್' ಎಂದು ಕರೆಯುವುದು ವಾಡಿಕೆ. ಭಾರತವು ೧೯೭೬ರಲ್ಲಿ ಇದರಲ್ಲಿ ಸೇರಿತು. ಒಡಂಬಟ್ಟ ರಾಷ್ಟ್ರಗಳ ಮೂರನೆಯ ಮಹಾಸಭೆಯು ೧೯೮೧ರಲ್ಲಿ ನಮ್ಮ ನವದೆಹಲಿಯಲ್ಲಿಯೇ ನಡೆಯಿತು. ಈಗ ೧೮೪ ರಾಷ್ಟ್ರಗಳೂ ಐರೋಪ್ಯ ಒಕ್ಕೂಟವೂ ಇದಕ್ಕೆ ಬದ್ಧವಾಗಿರುತ್ತವೆ. ಇದರ ಕಾರ್ಯಾಲಯವು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿದೆ. ಸುಮಾರು ಮೂರು ವರ್ಷಗಳಿಗೊಮ್ಮೆ ಮಹಾಸಭೆಯು ಕೂಡಿ, ಯಾವ ಜಾತಿಯನ್ನು ಯಾವ ಅನುಬಂಧದಲ್ಲಿ ಸೇರಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ವಿಚಾರಮಾಡುತ್ತದೆ. ಒಮ್ಮತವಾಗದಿದ್ದರೆ, ಹಾಜರಿದ್ದು ಮತ ನೀಡಿದವರಲ್ಲಿ ಮೂರನೆಯ ಎರಡು ಭಾಗದ ಬಹುಮತವಿರಬೇಕು.

ಮೂರು ಅನುಬಂಧಗಳು

ಒಡಂಬಡಿಕೆಗೆ ಒಳಪಟ್ಟ ಪ್ರಾಣಿಗಳೂ ಸಸ್ಯಗಳೂ ಕೂಡಿ ನಲವತ್ತು ಸಾವಿರಕ್ಕೆ ಮೇಲ್ಪಟ್ಟಿವೆ. ಇವುಗಳಲ್ಲಿ ಬಹುಪಾಲು ಸಸ್ಯಗಳೇ. ಇವೆಲ್ಲವನ್ನೂ ಮೂರು ಅನುಬಂಧಗಳಾಗಿ ವಿಂಗಡಿಸಲಾಗಿದೆ.

ಒಂದನೆಯ ಅನುಬಂಧದಲ್ಲಿರುವುವು ಈಗಾಗಲೇ ಅಳಿದುಹೋಗುವ ಭೀತಿಗೆ ಗುರಿಯಾದ ಜಾತಿಗಳು. ಕಾಡಿನಿಂದ ತಂದ ಇವುಗಳನ್ನಾಗಲಿ ಇವುಗಳ ಚರ್ಮ, ದಂತ, ಚಿಪ್ಪು ಮುಂತಾದುವನ್ನಾಗಲಿ ವಾಣಿಜ್ಯಕ್ಕಾಗಿ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಸಾಗಿಸಕೂಡದು. ಹುಲಿ, ನಮ್ಮ ದೇಶದ ಆನೆ, ಉಡ, ಚಿಪ್ಪುಹಂದಿ, ನಕ್ಷತ್ರ ಆಮೆ ಇವು ಈ ವರ್ಗಕ್ಕೆ ಸೇರಿದುವು.

ಎರಡನೆಯ ಅನುಬಂಧವೇ ಅತ್ಯಂತ ದೊಡ್ಡದು. ಇದರಲ್ಲಿರುವ ಜಾತಿಗಳು ಈಗಲೇ ಅಳಿಯುವ ಸ್ಥಿತಿಯಲ್ಲಿಲ್ಲದಿದ್ದರೂ, ವ್ಯಾಪಾರಕ್ಕೆ ಮಿತಿಯಿಲ್ಲದಿದ್ದಲ್ಲಿ ಆ ಸ್ಥಿತಿಗೆ ಬರಬಹುದಾದುವು. ಇವುಗಳ ವ್ಯಾಪಾರವು ನಿಷಿದ್ಧವಲ್ಲ, ರಹದಾರಿಯಿಂದ ನಡೆಯತಕ್ಕದ್ದು. ಬೀಟೆಯೂ ರಕ್ತಚಂದನವೂ ಇದರಲ್ಲಿವೆ.

ಮೂರನೆಯ ಅನುಬಂಧದಲ್ಲಿ, ಯಾವುದಾದರೊಂದು ರಾಷ್ಟ್ರವು ತನ್ನಲ್ಲಿರುವ ಜಾತಿಯ ರಕ್ಷಣೆಗೆ ಇತರ ರಾಷ್ಟ್ರಗಳ ಸಹಾಯವನ್ನು ಬೇಡಿ ಸೇರಿಸಿದುವು ಇರುತ್ತವೆ. ನಮ್ಮ ಹೊಲಗಳ ಮುಂಗುಸಿಯನ್ನು ಭಾರತವು ಹೀಗೆ ಸೇರಿಸಿದೆ. ಚಿತ್ರಗಾರರ ಕುಂಚಕ್ಕೆ ಅದರ ಕೂದಲು ಬೇಕೆಂದು ಇಲಿ ಹಾವುಗಳ ಶತ್ರುವಾದ ಈ ಪ್ರಾಣಿಯನ್ನು ಕೊಲ್ಲುವವರಿದ್ದಾರೆಂಬುದು ರೈತರು ನೆನಪಿನಲ್ಲಿಡತಕ್ಕ ಸಂಗತಿ.

ರಹದಾರಿಯ ಮರ್ಮ

ರಫ್ತಿನ ರಹದಾರಿಯನ್ನು ಕೊಡುವುದಕ್ಕೆ ಮೊದಲು ಸರ್ಕಾರವು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳಬೇಕು. ಮೊದಲನೆಯದು, ಈ ರಫ್ತಿನಿಂದ ಕಾಡಿನಲ್ಲಿರುವ ಆ ಜಾತಿಯ ಉಳಿವಿಗೆ ಹಾನಿಯಾಗುವುದೋ ಇಲ್ಲವೋ ಎಂಬುದು. ಇದನ್ನು ಹೇಳುವವರು ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆಯಂತಹ ವಿಜ್ಞಾನ ಸಂಸ್ಥೆಗಳವರು. ಎರಡನೆಯದು, ಆ ಸರಕು ಕಾನೂನಿಗೆ ಸಮ್ಮತವಾದ ರೀತಿಯಲ್ಲಿ ದೊರೆತುದೋ ಅಲ್ಲವೋ ಎಂಬುದು. ಈ ಎರಡೂ ನಿಶ್ಚಯವಾದ ಮೇಲೆ ಕೊಡುವ ರಹದಾರಿಯ ಮೇಲೆ ಸರಕಿನ ಮೂಲವನ್ನು ಸೂಚಿಸುವ ಒಂದು ಅಕ್ಷರವನ್ನು ಬರೆಯುವ ಕ್ರಮವುಂಟು. ಕಾಡಿನಿಂದ ಬಂದುದಕ್ಕೆ 'ಡಬ್ಲ್ಯೂ', ಮನುಷ್ಯನು ನೆಟ್ಟು ಬೆಳೆಸಿದ ಸಸ್ಯಕ್ಕೆ 'ಎ' ಎಂಬ ಅಕ್ಷರಗಳು ಗೊತ್ತಾಗಿವೆ.

ಜಮೀನುದಾರರು ಈ ಒಂದು ಅಕ್ಷರದ ಮಹತ್ವವನ್ನು ಚೆನ್ನಾಗಿ ಗ್ರಹಿಸಬೇಕು. ಮರದ ದಿಮ್ಮಿಗೆ ಬಾಯಿಲ್ಲ. ಕಳ್ಳನು ಕಾಡಿನಿಂದ ಕಡಿದು ತಂದ ದಿಮ್ಮಿಯೂ, ರೈತನು ನೀರೆರೆದು ಬೆಳೆಸಿದ ದಿಮ್ಮಿಯೂ ಬಂದರಿನಲ್ಲಿ ಅಕ್ಕಪಕ್ಕದಲ್ಲಿ ಬಿದ್ದಿದ್ದರೆ ಸುಂಕದ ಅಧಿಕಾರಿಯ ಕಣ್ಣಿಗೆ ಎರಡೂ ಒಂದೇ. ಇವುಗಳನ್ನು ಬೇರ್ಪಡಿಸುವುದು ಕಾಗದವೊಂದೇ. ಆ ಕಾಗದದ ಮೊದಲನೆಯ ಹಾಳೆಯು ಜಿನೀವಾದಲ್ಲಿಯೂ ದೆಹಲಿಯಲ್ಲಿಯೂ ಹುಟ್ಟುವುದಿಲ್ಲ. ಸಸಿಯನ್ನು ನೆಟ್ಟ ದಿನ ರೈತನ ಮನೆಯಲ್ಲಿ ಹುಟ್ಟತಕ್ಕದ್ದು.

ಬೀಟೆಯ ವಿಷಯ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿಯ ತೋಟಗಳಲ್ಲಿ ಬೀಟೆಯು ನೆರಳಿನ ಮರವಾಗಿ ಪ್ರಸಿದ್ಧವಾಗಿದೆ. ಮೈಸೂರಿನ ಬೀಟೆಯ ಕೆತ್ತನೆಯ ಕೆಲಸಕ್ಕೂ, ಹೊರದೇಶಗಳಲ್ಲಿ ಗಿಟಾರ್ ಎಂಬ ತಂತಿವಾದ್ಯದ ನಿರ್ಮಾಣಕ್ಕೂ ಇದು ಶ್ರೇಷ್ಠವೆನ್ನಿಸಿಕೊಂಡಿದೆ. ೨೦೧೬ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಮಹಾಸಭೆಯು ಬೀಟೆಯ ಕುಲವನ್ನು ಸಮಗ್ರವಾಗಿ ಎರಡನೆಯ ಅನುಬಂಧಕ್ಕೆ ಸೇರಿಸಿತು. ಈ ನಿರ್ಣಯವು ೨೦೧೭ನೆಯ ಜನವರಿ ೨ರಿಂದ ಜಾರಿಗೆ ಬಂದಿತು. ನಮ್ಮ ತೋಟದ ಮರವು ಮಾಡಿದ ಅಪರಾಧವೇನೆಂದು ಕೆಲವರು ಕೇಳಬಹುದು. ಮಡಗಾಸ್ಕರ್, ಆಗ್ನೇಯ ಏಷ್ಯಾ, ಮಧ್ಯ ಅಮೆರಿಕ ಮೊದಲಾದ ಪ್ರದೇಶಗಳಲ್ಲಿ ಬೆಲೆಬಾಳುವ ಪೀಠೋಪಕರಣಗಳಿಗಾಗಿ ಈ ಕುಲದ ಮರಗಳನ್ನು ವಿವೇಚನೆಯಿಲ್ಲದೆ ಕಡಿದು ಸಾಗಿಸಿದರು. ಹಲಗೆಯಾಗಿ ಕೊಯ್ದ ಮೇಲೆ ಒಂದು ಜಾತಿಯ ಬೀಟೆಯನ್ನು ಮತ್ತೊಂದರಿಂದ ಬೇರ್ಪಡಿಸುವುದು ಸುಂಕದ ಕಟ್ಟೆಯಲ್ಲಿ ಅಸಾಧ್ಯಪ್ರಾಯವಾದುದರಿಂದ, ಕುಲವನ್ನೆಲ್ಲಾ ಒಂದೇ ನಿಯಮಕ್ಕೆ ಒಳಪಡಿಸಬೇಕಾಯಿತು.

ಇದರಿಂದ ತೊಂದರೆಯಾಗದೆ ಇರಲಿಲ್ಲ. ಇದೇ ಕುಲಕ್ಕೆ ಸೇರಿದ ಶೀಶಂ ಮರದ ಕುಶಲಕಲೆಯ ವಸ್ತುಗಳ ರಫ್ತು ಮೊದಲು ವರ್ಷಕ್ಕೆ ಸುಮಾರು ೧,೦೦೦ ಕೋಟಿ ರೂಪಾಯಿಗಳಷ್ಟಿದ್ದುದು ಈ ನಿಯಮದ ತರುವಾಯ ಅರ್ಧದಷ್ಟಕ್ಕೆ ಇಳಿಯಿತೆಂದೂ, ಸುಮಾರು ೫೦,೦೦೦ ಕುಶಲಕರ್ಮಿಗಳ ಜೀವನಕ್ಕೆ ಧಕ್ಕೆಯಾಯಿತೆಂದೂ ಭಾರತ ಸರ್ಕಾರವೇ ತಿಳಿಸಿತು. ಆದರೆ ಒಡಂಬಡಿಕೆಯು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ೨೦೧೯ರ ಮಹಾಸಭೆಯಲ್ಲಿ ಸಿದ್ಧಪಡಿಸಿದ ವಾದ್ಯಗಳಿಗೆ ವಿನಾಯಿತಿಯು ದೊರೆಯಿತು. ೨೦೨೨ರ ನವೆಂಬರಿನಲ್ಲಿ ಪನಾಮಾದ ಮಹಾಸಭೆಯಲ್ಲಿ ಭಾರತದ ಪ್ರತಿನಿಧಿಗಳು ವಾದಿಸಿದ ಫಲವಾಗಿ, ಪ್ರತಿಯೊಂದು ವಸ್ತುವಿನ ತೂಕವು ೧೦ ಕಿಲೋಗ್ರಾಮಿಗೆ ಕಡಿಮೆಯಿದ್ದರೆ ಶೀಶಂ ವಸ್ತುಗಳನ್ನು ಎಷ್ಟು ಸಂಖ್ಯೆಯಲ್ಲಿಯಾದರೂ ಒಂದೇ ಸಲಕ್ಕೆ ಸೈಟೀಸ್ ರಹದಾರಿಯಿಲ್ಲದೆ ಕಳುಹಿಸಬಹುದೆಂದು ಸ್ಪಷ್ಟವಾಯಿತು. ನ್ಯಾಯವಾದ ಅಹವಾಲನ್ನು ಸರಿಯಾದ ಲೆಕ್ಕದೊಡನೆ ಮುಂದಿಟ್ಟರೆ ರಾಷ್ಟ್ರಗಳ ಸಭೆಯೂ ಕಿವಿಗೊಡುವುದೆಂಬುದಕ್ಕೆ ಇದು ಸಾಕ್ಷಿ.

ರಕ್ತಚಂದನದ ವಿಷಯ

ಸರ್ಕೀಟಿನ ಕಾಲದಲ್ಲಿ ಬಯಲುಸೀಮೆಯ ಜಮೀನುದಾರರು ಈಚೆಗೆ ಹೆಚ್ಚಾಗಿ ಕೇಳುವುದು ರಕ್ತಚಂದನದ ವಿಚಾರವನ್ನೇ. ಸಸಿಗಳನ್ನು ಮಾರುವವರು ಮರವೊಂದಕ್ಕೆ ಇಷ್ಟು ಲಕ್ಷವೆಂದು ಹೇಳಿ ಆಸೆ ಹುಟ್ಟಿಸುವುದುಂಟು. ಇದರಲ್ಲಿ ತಿಳಿಯಬೇಕಾದ ಸಂಗತಿಗಳು ಹೀಗಿವೆ. ಈ ಮರದ ಸಹಜವಾದ ನೆಲೆಯು ಆಂಧ್ರಪ್ರದೇಶದ ಶೇಷಾಚಲವೇ ಮೊದಲಾದ ಬೆಟ್ಟಗಳ ಶ್ರೇಣಿ. ಜಗತ್ತಿನ ಬೇರೆ ಯಾವ ಭಾಗದಲ್ಲಿಯೂ ಇದರ ಸಹಜವಾದ ಕಾಡುಗಳಿಲ್ಲ. ಬೆಲೆಯಿರುವುದು ಕೆಂಪಾದ ಚೇಗಿಗೆ. ಚೇಗು ಬಲಿಯುವುದಕ್ಕೆ ದಶಕಗಳೇ ಹಿಡಿಯುತ್ತವೆ. ಮುಖ್ಯವಾದ ಗಿರಾಕಿಗಳು ಚೀನಾ, ಜಪಾನ್ ಮುಂತಾದ ಹೊರದೇಶದವರಾದುದರಿಂದ, ಹೊರದೇಶದ ಬಾಗಿಲು ಮುಚ್ಚಿದರೆ ಬೆಲೆಯೂ ಬೀಳುತ್ತದೆ.

ಇದು ೧೯೯೫ರಿಂದ ಎರಡನೆಯ ಅನುಬಂಧದಲ್ಲಿದ್ದು, ದಿಮ್ಮಿ, ಚಕ್ಕೆ, ಪುಡಿ, ಸತ್ವ ಇವೆಲ್ಲವೂ ನಿಯಮಕ್ಕೆ ಒಳಪಟ್ಟಿವೆ. ಕಳ್ಳಸಾಗಾಣಿಕೆಯು ಮಿತಿಮೀರಿದುದರಿಂದ ೨೦೦೪ರಿಂದ ಭಾರತದ ರಕ್ತಚಂದನವು ಒಡಂಬಡಿಕೆಯವರ ವಿಶೇಷ ಪರಿಶೀಲನೆಗೆ ಗುರಿಯಾಗಿತ್ತು. ಅಂದರೆ ಕಾಡುಗಳ್ಳರ ಕೃತ್ಯದ ಫಲವನ್ನು ಸ್ವಂತ ಜಮೀನಿನಲ್ಲಿ ಬೆಳೆದವರೂ ಅನುಭವಿಸಬೇಕಾಯಿತು. ೨೦೧೯ರಲ್ಲಿ ಭಾರತ ಸರ್ಕಾರವು ಖಾಸಗಿ ಜಮೀನಿನಲ್ಲಿ ಬೆಳೆದ ರಕ್ತಚಂದನವನ್ನು ಪರವಾನಗಿಗೆ ಒಳಪಟ್ಟು ರಫ್ತು ಮಾಡಲು ಅವಕಾಶವಿತ್ತಿತು. ೨೦೨೩ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ಒಡಂಬಡಿಕೆಯ ಸ್ಥಾಯೀ ಸಮಿತಿಯು ಭಾರತದ ರಕ್ತಚಂದನವನ್ನು ವಿಶೇಷ ಪರಿಶೀಲನೆಯಿಂದ ಬಿಡುಗಡೆ ಮಾಡಿತು. ೨೦೨೫ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಆಂಧ್ರಪ್ರದೇಶದ ೧೯೮ ಮಂದಿ ಬೆಳೆಗಾರರಿಗೆ ಲಾಭದ ಪಾಲೆಂದು ೩ ಕೋಟಿ ರೂಪಾಯಿಗಳನ್ನು ನೀಡಿತು. ಇವೆಲ್ಲವೂ ಬೆಳೆಗಾರರಿಗೆ ಆಶಾದಾಯಕವಾದ ಲಕ್ಷಣಗಳು. ಆದರೂ ಇರುವ ಜಮೀನನ್ನೆಲ್ಲಾ ಈ ಒಂದು ಮರಕ್ಕೇ ಮೀಸಲಿಟ್ಟು, ವರ್ಷವರ್ಷದ ಅನ್ನವನ್ನು ದೂರದ ಲಾಭಕ್ಕೆ ಒತ್ತೆಯಿಡುವುದು ವಿವೇಕವಲ್ಲ. ಬದುಗಳಲ್ಲಿಯೂ ಬೇಲಿಯ ಸಾಲಿನಲ್ಲಿಯೂ ನೆಟ್ಟು, ಮುಖ್ಯ ಬೆಳೆಯನ್ನು ಉಳಿಸಿಕೊಂಡು ಹೋಗುವುದು ಲೇಸು.

ಶ್ರೀಗಂಧವು ಈ ಒಡಂಬಡಿಕೆಯ ಅನುಬಂಧಗಳಲ್ಲಿ ಸೇರಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ೨೦೦೧ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಜಮೀನಿನ ಒಡೆಯನೇ ತಾನು ಬೆಳೆದ ಗಂಧದ ಮರಕ್ಕೂ ಒಡೆಯನು. ಆದರೆ ಅದರ ಕಡಿತಲೆಯೂ ಮಾರಾಟವೂ ರಾಜ್ಯದ ಅರಣ್ಯ ಕಾನೂನಿನಂತೆಯೇ ನಡೆಯಬೇಕು.

ಬೆಳೆಗಾರರು ಅನುಸರಿಸಬೇಕಾದ ಕ್ರಮ

ಸೈಟೀಸ್ ಒಡಂಬಡಿಕೆಯು ದೇಶದ ಎಲ್ಲೆಯನ್ನು ದಾಟುವ ವ್ಯಾಪಾರಕ್ಕೆ ಮಾತ್ರ ಸಂಬಂಧಪಟ್ಟುದು. ದೇಶದೊಳಗಿನ ಕಡಿತಲೆ, ಸಾಗಾಣಿಕೆ ಮತ್ತು ಮಾರಾಟಕ್ಕೆ ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮ, ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಇವೇ ಮೊದಲಾದ ಕಾನೂನುಗಳಿವೆ. ಎರಡಕ್ಕೂ ಒಪ್ಪುವಂತೆ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಕ್ಷೇಮಕರ.

೧. ಸಸಿಗಳನ್ನು ಅರಣ್ಯ ಇಲಾಖೆಯ ಅಥವಾ ನಂಬಿಕೆಗೆ ಅರ್ಹವಾದ ಸಸ್ಯಕ್ಷೇತ್ರದಿಂದಲೇ ಕೊಂಡು, ಜಾತಿ, ಸಂಖ್ಯೆ, ತಾರೀಖು ಇರುವ ರಸೀದಿಯನ್ನು ಜಮೀನಿನ ಪತ್ರಗಳೊಡನೆ ಜೋಪಾನವಾಗಿಡಬೇಕು.

೨. ನೆಟ್ಟ ವರ್ಷವೇ ಸರ್ವೆ ನಂಬರು, ಮರಗಳ ಸಂಖ್ಯೆ ಇವನ್ನು ಪಹಣಿಯಲ್ಲಿ ನಮೂದು ಮಾಡಿಸಿಕೊಳ್ಳಲು ಗ್ರಾಮದ ಆಡಳಿತಾಧಿಕಾರಿಗೆ ಅರ್ಜಿಯನ್ನು ಕೊಟ್ಟು, ಅದರ ನಕಲನ್ನು ಇಟ್ಟುಕೊಳ್ಳಬೇಕು. ಮರವು ಬಲಿತ ಮೇಲೆ ಈ ಕೆಲಸಕ್ಕೆ ಹೊರಟರೆ ಸಂದೇಹಕ್ಕೆ ಆಸ್ಪದವಾಗುವುದು.

೩. ಹಳೆಯ ಮರಗಳಿರುವ ಜಮೀನಾದರೆ, ಮಂಜೂರಾತಿಯ ಷರತ್ತುಗಳಲ್ಲಿ ಮರಗಳ ಹಕ್ಕನ್ನು ಸರ್ಕಾರವು ತನಗೆ ಕಾದಿರಿಸಿಕೊಂಡಿದೆಯೇ ಎಂಬುದನ್ನು ಮೊದಲು ನೋಡಬೇಕು.

೪. ಅರಣ್ಯಾಧಿಕಾರಿಗಳ ಅಪ್ಪಣೆಯಿಲ್ಲದೆ ಕಡಿಯಕೂಡದು. ಕಡಿದ ದಿಮ್ಮಿಗಳನ್ನು ಸಾಗಾಣಿಕೆಯ ರಹದಾರಿಯಿಲ್ಲದೆ ಜಮೀನಿನಿಂದ ಹೊರಗೆ ಕಳುಹಿಸಕೂಡದು.

೫. ಕಾಗದಪತ್ರಗಳ ಗೊಡವೆಯೇ ಬೇಡ, ರೊಕ್ಕ ಈಗಲೇ ಕೊಡುವೆನೆಂದು ರಾತ್ರಿಯ ವೇಳೆ ಬಂದ ವ್ಯಾಪಾರಿಯನ್ನು ನಂಬಕೂಡದು. ಅವನ ಗಾಡಿಯಲ್ಲಿ ನಿಮ್ಮ ಮರದ ಜೊತೆಗೆ ಕಾಡಿನ ಮರವೂ ಇದ್ದರೆ, ಸಿಕ್ಕಿಬಿದ್ದ ದಿನ ಹೊರಬರುವುದು ನಿಮ್ಮ ಹೆಸರು.

ಗ್ರಾಮದ ಮುಖಂಡರ ಕರ್ತವ್ಯ

ಪ್ರಾಣಿಗಳ ವಿಷಯದಲ್ಲಿ ನಿಯಮವು ಇನ್ನೂ ಕಠಿಣವಾದುದು. ಚಿಪ್ಪುಹಂದಿಯ ಎಂಟು ಜಾತಿಗಳನ್ನೂ ೨೦೧೬ರ ಮಹಾಸಭೆಯು ಒಂದನೆಯ ಅನುಬಂಧಕ್ಕೆ ಏರಿಸಿತು. ನಕ್ಷತ್ರ ಆಮೆಯನ್ನು ೨೦೧೯ರಲ್ಲಿ ಏರಿಸಲಾಯಿತು. ಗೆದ್ದಲನ್ನೂ ಇರುವೆಯನ್ನೂ ತಿಂದು ಬದುಕುವ ಚಿಪ್ಪುಹಂದಿಯನ್ನು ಅದರ ಚಿಪ್ಪಿನಲ್ಲಿ ಔಷಧಗುಣವುಂಟೆಂಬ ಭ್ರಮೆಯಿಂದ ಕೊಲ್ಲುತ್ತಾರೆ. ಆ ಚಿಪ್ಪಾದರೋ ನಮ್ಮ ಕೈಯ ಉಗುರಿನಂತಹ ಪದಾರ್ಥವೇ ಹೊರತು ಬೇರೆಯಲ್ಲ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟರೆ ಅದೃಷ್ಟವೆಂದೂ, ಮಣ್ಣುಮುಕ್ಕ ಹಾವಿಗೆ ಲಕ್ಷಾಂತರ ಬೆಲೆಯೆಂದೂ, ಉಡದ ಅಂಗವನ್ನೇ ಅಪರೂಪದ ಬೇರೆಂದೂ ಹೇಳಿ ಮೋಸಮಾಡುವ ದಲ್ಲಾಳಿಗಳು ಹಳ್ಳಿಗಳಲ್ಲಿ ಸಂಚರಿಸುತ್ತಾರೆ. ಇವರು ದೊಡ್ಡ ಬೆಲೆಯ ಮಾತನ್ನಾಡಿ ಚಿಕ್ಕ ಕೂಲಿಯನ್ನು ಕೊಟ್ಟು ದನಗಾಹಿ ಹುಡುಗರಿಂದ ಪ್ರಾಣಿಗಳನ್ನು ಹಿಡಿಸುವರು. ಸಿಕ್ಕಿಬೀಳುವವನು ಹುಡುಗನು, ತಪ್ಪಿಸಿಕೊಳ್ಳುವವನು ದಲ್ಲಾಳಿ.

೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ೨೦೨೨ರಲ್ಲಿ ಮಾಡಿದ ತಿದ್ದುಪಡಿಯು ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಇದರಿಂದ ಸೈಟೀಸ್ ಅನುಬಂಧಗಳ ಜಾತಿಗಳು ನಮ್ಮ ಕಾನೂನಿನ ನಾಲ್ಕನೆಯ ಅನುಸೂಚಿಯಲ್ಲಿಯೇ ಸೇರಿವೆ. ಮೊದಲನೆಯ ಅನುಸೂಚಿಯ ಪ್ರಾಣಿಗಳಾದ ಚಿಪ್ಪುಹಂದಿ, ಉಡ ಮುಂತಾದುವನ್ನು ಕುರಿತ ಅಪರಾಧಕ್ಕೆ ೩ ವರ್ಷಗಳಿಗೆ ಕಡಿಮೆಯಿಲ್ಲದೆ ೭ ವರ್ಷಗಳವರೆಗೆ ಸೆರೆವಾಸವೂ ೨೫,೦೦೦ ರೂಪಾಯಿಗಳಿಗೆ ಕಡಿಮೆಯಿಲ್ಲದ ಜುಲ್ಮಾನೆಯೂ ವಿಧಿಸಲ್ಪಟ್ಟಿವೆ. ತೋಟದ ಬಂಗಲೆಗಳಲ್ಲಿ ವಿನೋದಕ್ಕಾಗಿ ಹೊರದೇಶದ ಗಿಳಿ ಮುಂತಾದುವನ್ನು ಸಾಕುವ ಜಮೀನುದಾರರು, ಅವು ಈ ಅನುಸೂಚಿಗೆ ಸೇರಿದ್ದಲ್ಲಿ ೨೦೨೪ರ ನಿಯಮಗಳಂತೆ ನೋಂದಣಿ ಮಾಡಿಸಬೇಕೆಂಬುದನ್ನು ಮರೆಯಬಾರದು.

ಆದುದರಿಂದ ಗ್ರಾಮದ ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಓದಿ ಹೇಳಿಸತಕ್ಕದ್ದು. ಆಮೆ, ಹಾವು, ಚಿಪ್ಪುಹಂದಿಗಳನ್ನು ಕೇಳಿಕೊಂಡು ಬರುವ ಅಪರಿಚಿತರ ವಿಚಾರವನ್ನು ವಲಯ ಅರಣ್ಯಾಧಿಕಾರಿಗೆ ತಡಮಾಡದೆ ತಿಳಿಸತಕ್ಕದ್ದು. ಪ್ರಾಣಿಯು ಹೊಲದಲ್ಲಿ ಸಿಕ್ಕಿದರೆ ಮನೆಗೆ ತರಿಸದೆ, ಇದ್ದಲ್ಲಿಯೇ ಬಿಡಿಸತಕ್ಕದ್ದು. ಊರಿನಲ್ಲಿ ಬೀಟೆ, ರಕ್ತಚಂದನಗಳನ್ನು ಬೆಳೆದಿರುವವರ ಪಟ್ಟಿಯನ್ನು ಇಟ್ಟುಕೊಂಡು, ಪಹಣಿಯ ನಮೂದಿಗೆ ಅವರಿಗೆ ನೆರವಾಗತಕ್ಕದ್ದು.

ರಾಷ್ಟ್ರಗಳ ಒಡಂಬಡಿಕೆಯೆಂದರೆ ದೊಡ್ಡವರ ವ್ಯವಹಾರವೆಂದು ತೋರಬಹುದು. ಆದರೆ ಕೆರೆಯ ಏರಿ ಎಷ್ಟೇ ಭದ್ರವಾಗಿದ್ದರೂ ನೀರಗಂಟಿಯು ತೂಬನ್ನು ನೋಡಿಕೊಳ್ಳದಿದ್ದರೆ ಕೊನೆಯ ಗದ್ದೆಗೆ ನೀರು ತಲಪದು. ಈ ವ್ಯವಸ್ಥೆಯಲ್ಲಿ ಗ್ರಾಮವೇ ಆ ತೂಬು. ಗ್ರಾಮದಲ್ಲಿ ಲೆಕ್ಕವು ನೆಟ್ಟಗಿದ್ದರೆ ಕಾಡಿನ ಮರವು ಕಾಡಿನಲ್ಲಿ ಉಳಿಯುವುದು, ಬೆಳೆದವನ ಮರಕ್ಕೆ ನ್ಯಾಯವಾದ ಬೆಲೆಯೂ ಬರುವುದು. ಬರುವ ಮುಂಗಾರಿನಲ್ಲಿ ಸಸಿ ನೆಡುವವರು ಗುಣಿಯನ್ನು ತೋಡುವುದರ ಜೊತೆಗೆ ರಸೀದಿಯನ್ನಿಡಲು ಒಂದು ಕಡತವನ್ನೂ ತೆರೆಯಲೆಂದು ಸೂಚಿಸಿ ಈ ಲೇಖನವನ್ನು ಮುಗಿಸಲಾಗಿದೆ.